ಇಮೇಲ್ ಬರಹದ ನಡುವೆ ಫೋಟೊ ಸರಿಯಾಗಿ ಕೂರಬೇಕಾದರೆ: ಅಳತೆ ಇಳಿಸುವ ಸಮಗ್ರ ಮಾರ್ಗದರ್ಶಿ

ಚಿತ್ರದುರ್ಗದ ಕೋಟೆಯನ್ನು ಫೋನಿನಲ್ಲಿ ಸೆರೆಹಿಡಿದು, ಆ ಫೋಟೊವನ್ನು ಇದ್ದ ಹಾಗೆಯೇ ಇಮೇಲ್ ಬರಹದ ನಡುವೆ ಸೇರಿಸಿ ಕಳಿಸಿದರೆ, ಪಡೆದವರ ಪರದೆಯಲ್ಲಿ ಕೆಲವೊಮ್ಮೆ ಆಕಾಶದ ಒಂದು ತುಂಡು, ಬಂಡೆಯ ಒಂದು ಮೂಲೆ ಮಾತ್ರ ಕಾಣಿಸುತ್ತದೆ. ಉಳಿದದ್ದನ್ನು ನೋಡಲು ಅವರು ಪುಟವನ್ನು ಅಡ್ಡಕ್ಕೂ ಉದ್ದಕ್ಕೂ ಸರಿಸುತ್ತಾ ಹೋಗಬೇಕಾಗುತ್ತದೆ. ಫೋಟೊದ ಕೆಳಗೆ ನೀವು ಬರೆದ ಎರಡು ಸಾಲು ಎಲ್ಲೋ ತಳದಲ್ಲಿ ಉಳಿದು ಬಹುಪಾಲು ಸಂದರ್ಭದಲ್ಲಿ ಓದುವವರ ಕಣ್ಣಿಗೇ ಬೀಳುವುದಿಲ್ಲ. ಫೋಟೊವನ್ನು ಬರಹದ ಜೊತೆಗೇ ತೋರಿಸಬೇಕೆಂಬ ಉದ್ದೇಶವಿದ್ದಾಗ ಅದನ್ನು ಕಳಿಸುವ ಮುನ್ನವೇ ಕಿರಿದು ಮಾಡಿಕೊಳ್ಳುವುದು ಒಳ್ಳೆಯದು. ಕೆಲಸ ದೊಡ್ಡದೇನಲ್ಲ; ಆದರೆ ಯಾವ ಕ್ರಮದಲ್ಲಿ ಮಾಡುತ್ತೇವೆ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ.

ಈ ಬರಹದಲ್ಲಿ 'ಅಳತೆ' ಎಂದರೆ ಚಿತ್ರದ ಅಗಲ ಮತ್ತು ಎತ್ತರದಲ್ಲಿರುವ, ಚಿತ್ರವನ್ನು ರೂಪಿಸುವ ಸಣ್ಣ ಬಣ್ಣದ ಚುಕ್ಕೆಗಳಾದ ಪಿಕ್ಸೆಲ್‌ಗಳ ಲೆಕ್ಕ. 'ಗಾತ್ರ' ಎಂದರೆ ಫೈಲು ತೆಗೆದುಕೊಳ್ಳುವ ಜಾಗ, ಅಂದರೆ ಕೆಬಿ ಅಥವಾ ಎಂಬಿ. ಇವೆರಡೂ ಒಂದಕ್ಕೊಂದು ಸಂಬಂಧಪಟ್ಟವುಗಳೇ ಆದರೂ ಒಂದೇ ಅಲ್ಲ. ಜನರಿಗೆ ಆಗುವ ಗೊಂದಲದ ಬಹುಪಾಲು ಇವೆರಡನ್ನೂ ಒಂದೆಂದು ಭಾವಿಸುವುದರಿಂದಲೇ ಹುಟ್ಟುತ್ತದೆ.

ಎಷ್ಟು ಅಳತೆ ಸಾಕು

12 ಮೆಗಾಪಿಕ್ಸೆಲ್‌ನ ಸಾಮಾನ್ಯ ಫೋನ್ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್. ಇಮೇಲ್‌ನ ಬರಹಕ್ಕೆ ಸಿಗುವ ಪಟ್ಟಿಯ ಅಗಲ ಇದರ ಹತ್ತಿರಕ್ಕೂ ಬರುವುದಿಲ್ಲ. ಇಮೇಲ್ ವಿನ್ಯಾಸ ಮಾಡುವವರು ಬಹಳ ಕಾಲದಿಂದ 600ರಿಂದ 640 ಪಿಕ್ಸೆಲ್ ಅಗಲವನ್ನೇ ವಾಡಿಕೆಯಾಗಿ ಇಟ್ಟುಕೊಂಡಿದ್ದಾರೆ, ಮತ್ತು ಮನೆಬಳಕೆಯ ಪತ್ರಗಳಿಗೂ ಅದು ಒಪ್ಪುವ ಅಳತೆ. 640 ಅಗಲಕ್ಕೆ 480 ಎತ್ತರದ ಚಿತ್ರದಲ್ಲಿ 3,07,200 ಪಿಕ್ಸೆಲ್ ಇರುತ್ತವೆ, ಅಂದರೆ ಮೂಲದ ಸುಮಾರು 39ರಲ್ಲಿ ಒಂದು ಪಾಲು. ನಾಲ್ಕು ಎಂಬಿ ಇದ್ದ ಫೋಟೊ ನೂರು ಕೆಬಿಯ ಆಸುಪಾಸಿಗೆ ಇಳಿಯುವುದು ಹೀಗೆ.

ನಿಲುವು ಫೋಟೊಗಳಿಗೆ ಮಾತ್ರ ಈ ಲೆಕ್ಕವನ್ನು ಕಣ್ಣುಮುಚ್ಚಿ ಹಚ್ಚಬಾರದು. ಫೋನನ್ನು ನೆಟ್ಟಗೆ ಹಿಡಿದು ತೆಗೆದ ಫೋಟೊದ ಅಗಲವನ್ನು 640ಕ್ಕೆ ಇಳಿಸಿದರೆ ಎತ್ತರ 853 ಪಿಕ್ಸೆಲ್ ಆಗಿ, ಹಲವು ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ತಲೆ ಕಂಡರೆ ಕಾಲು ಕಾಣದು ಎಂಬಂತಾಗುತ್ತದೆ. ಇಂಥವುಗಳಿಗೆ ಎತ್ತರವನ್ನು 600ಕ್ಕೆ ಗೊತ್ತುಮಾಡಿ, ಅಗಲ ತಾನಾಗಿ 450ಕ್ಕೆ ಇಳಿಯಲು ಬಿಡುವುದು ಮೇಲು. ಇನ್ನು, ಈಗಿನ ಫೋನ್ ಪರದೆಗಳಲ್ಲಿ ಪಿಕ್ಸೆಲ್‌ಗಳು ಬಹಳ ಒತ್ತಾಗಿರುವುದರಿಂದ 640ರ ಚಿತ್ರ ಅಲ್ಲಿ ಸ್ವಲ್ಪ ಮಸುಕಾಗಿ ಕಾಣಬಹುದು. ಚೂಪು ಮುಖ್ಯವಾದಲ್ಲಿ ಚಿತ್ರವನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಇಮೇಲ್‌ನಲ್ಲಿ ಅದನ್ನು ಅರ್ಧ ಅಳತೆಯಲ್ಲಿ ಕಾಣುವಂತೆ ಮಾಡಬಹುದು. ಒಂದೆರಡು ಫೋಟೊಗಳಿಗೆ ಇದು ಸರಿ. ಹತ್ತು ಹನ್ನೆರಡು ಇದ್ದರೆ 640ರಲ್ಲಿಯೇ ನಿಲ್ಲುವುದನ್ನು ನಾನು ಮೆಚ್ಚುತ್ತೇನೆ.

ಗಾತ್ರದ ವಿಷಯದಲ್ಲಿ ತಿಳಿದಿರಬೇಕಾದ ಮತ್ತೊಂದು ಸಂಗತಿಯಿದೆ. ಇಮೇಲ್ ವ್ಯವಸ್ಥೆ ಮೂಲತಃ ಅಕ್ಷರಗಳನ್ನು ಸಾಗಿಸಲೆಂದು ರೂಪುಗೊಂಡದ್ದರಿಂದ, ಚಿತ್ರವನ್ನು ಕಳಿಸುವಾಗ ಅದರ ಪ್ರತಿ ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬದಲಾಯಿಸಲಾಗುತ್ತದೆ. ಮೂರು ಎಂಬಿಯ ಫೋಟೊ ದಾರಿಯಲ್ಲಿ ನಾಲ್ಕು ಎಂಬಿ ಆಗುತ್ತದೆ. ಜಿಮೇಲ್ ಒಂದು ಪತ್ರಕ್ಕೆ 25 ಎಂಬಿ ಮಿತಿ ಇಟ್ಟಿದ್ದರೂ, ನಿಜವಾಗಿ ಹಿಡಿಸುವುದು ಸುಮಾರು 18 ಎಂಬಿ ಎಂದುಕೊಂಡೇ ಹೊರಡಬೇಕು. ಪಡೆಯುವವರ ಕಚೇರಿಯ ಸರ್ವರ್ ಇನ್ನೂ ಬಿಗಿಯಾದ ಮಿತಿ ಇಟ್ಟಿರಲೂಬಹುದು.

ಮೂಲೆ ಹಿಡಿದು ಎಳೆದರೆ ಗಾತ್ರ ಇಳಿಯುವುದಿಲ್ಲ

ಜಿಮೇಲ್‌ನಲ್ಲಿ ಬರಹದ ನಡುವೆ ಸೇರಿಸಿದ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಸ್ಮಾಲ್, ಬೆಸ್ಟ್ ಫಿಟ್, ಒರಿಜಿನಲ್ ಸೈಜ್ ಎಂಬ ಆಯ್ಕೆಗಳು ಕಾಣಿಸಿಕೊಳ್ಳುತ್ತವೆ. ಮೂಲೆಯ ಚೌಕವನ್ನು ಹಿಡಿದು ಎಳೆದೂ ಚಿತ್ರವನ್ನು ಕಿರಿದು ಮಾಡಬಹುದು. ಕಣ್ಣಿಗೆ ಕಾಣುವ ಅಳತೆ ಬದಲಾಗುವುದು ನಿಜ. ಆದರೆ ಹೋಗುವುದು ಅದೇ ನಾಲ್ಕು ಎಂಬಿಯ ಫೈಲು. 'ಇದನ್ನು ಇಷ್ಟು ಅಗಲಕ್ಕೆ ತೋರಿಸು' ಎಂಬ ಸೂಚನೆಯೊಂದು ಮಾತ್ರ ಅದರ ಜೊತೆಗೆ ಸೇರಿಕೊಳ್ಳುತ್ತದೆ. ಆ ಸೂಚನೆಯನ್ನು ಕಡೆಗಣಿಸುವ ಇಮೇಲ್ ಆ್ಯಪ್‌ನಲ್ಲಿ ಪತ್ರ ತೆರೆದರೆ ಚಿತ್ರ ಮತ್ತೆ ತನ್ನ ಪೂರ್ತಿ ಅಗಲಕ್ಕೆ ಹರಡಿಕೊಳ್ಳುತ್ತದೆ. ಆದ್ದರಿಂದ ಎಳೆದು ಕಿರಿದು ಮಾಡುವುದನ್ನು ಕೊನೆಯ ಹೊಂದಾಣಿಕೆಗೆ ಮಾತ್ರ ಬಳಸಿ, ನಿಜವಾದ ಇಳಿಕೆಯನ್ನು ಪತ್ರದ ಹೊರಗೆ, ಫೈಲಿನಲ್ಲಿಯೇ ಮಾಡಬೇಕು.

ಇಳಿಸುವ ಮುನ್ನ ಕತ್ತರಿಸಿ

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ದಾವಣಗೆರೆ ಸೀಮೆಯ ರೈತರೊಬ್ಬರು ಮೆಕ್ಕೆಜೋಳದ ಸುಳಿಯಲ್ಲಿ ಕಂಡ ಹುಳುವಿನ ಫೋಟೊ ತೆಗೆದು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಇಮೇಲ್ ಮಾಡುತ್ತಾರೆ ಎಂದುಕೊಳ್ಳೋಣ. 2018ರಿಂದ ಕರ್ನಾಟಕದ ಮೆಕ್ಕೆಜೋಳವನ್ನು ಕಾಡುತ್ತಿರುವ ಸೈನಿಕ ಹುಳುವನ್ನು ಗುರುತಿಸುವುದು ಅದರ ತಲೆಯ ಮೇಲಿನ ತಲೆಕೆಳಗಾದ ಕವೆಯಂತಹ ಬಿಳಿ ಗೆರೆಯಿಂದ, ಹಾಗೂ ಹಿಂಬದಿಯಲ್ಲಿ ಚೌಕಾಕಾರವಾಗಿ ಕೂತ ನಾಲ್ಕು ಕಪ್ಪು ಚುಕ್ಕೆಗಳಿಂದ. 4000 ಪಿಕ್ಸೆಲ್ ಅಗಲದ ಮೂಲ ಫೋಟೊದಲ್ಲಿ ಹುಳು 200 ಪಿಕ್ಸೆಲ್ ಉದ್ದವಿದ್ದರೆ, ಇಡೀ ಫೋಟೊವನ್ನು 640ಕ್ಕೆ ಇಳಿಸಿದಾಗ ಅದು ಬರೀ 32 ಪಿಕ್ಸೆಲ್‌ನ ಗೀಟಾಗುತ್ತದೆ. ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಅದೇ ಫೋಟೊದಿಂದ ಮೊದಲು ಸುಳಿಯ ಭಾಗವನ್ನಷ್ಟೇ 1280 ಪಿಕ್ಸೆಲ್ ಅಗಲಕ್ಕೆ ಕತ್ತರಿಸಿಕೊಂಡು ಆಮೇಲೆ 640ಕ್ಕೆ ಇಳಿಸಿದರೆ ಹುಳು 100 ಪಿಕ್ಸೆಲ್ ಉದ್ದ ಉಳಿಯುತ್ತದೆ. ಎರಡೂ ಫೈಲುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ತಜ್ಞರಿಗೆ ಉಪಯೋಗಕ್ಕೆ ಬರುವುದು ಮಾತ್ರ ಎರಡನೆಯದು.

ಮೊಳಕಾಲ್ಮೂರಿನ ರೇಷ್ಮೆ ಸೀರೆಗಳನ್ನು ಹೊರ ಊರಿನ ಅಂಗಡಿಗಳಿಗೆ ಇಮೇಲ್ ಮೂಲಕ ತೋರಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಹಾಸಿಟ್ಟ ಇಡೀ ಸೀರೆಯ ಒಂದು ಚಿತ್ರದಿಂದ ಬಣ್ಣ ಮತ್ತು ಸೆರಗಿನ ಅಂದಾಜು ಸಿಗುತ್ತದೆ. ಆದರೆ ಕೊಳ್ಳುವವರು ಕೇಳುವುದು ಅಂಚಿನ ನೇಯ್ಗೆಯನ್ನು. ಹಾಗಾಗಿ ಇಡೀ ಸೀರೆಯ ಒಂದು ಚಿತ್ರ, ಅಂಚಿನ ಒಂದು ಗೇಣಿನಷ್ಟು ಭಾಗವನ್ನು ಮೂಲ ಫೋಟೊದಿಂದ ಕತ್ತರಿಸಿದ ಇನ್ನೊಂದು ಚಿತ್ರ, ಎರಡನ್ನೂ 640ಕ್ಕೆ ಇಳಿಸಿ ಒಂದರ ಕೆಳಗೊಂದು ಇಡಬೇಕು. ನುಣುಪಾದ ಜರಿ ಗೆರೆಗಳು ಅಥವಾ ಸಣ್ಣ ಚೌಕುಳಿಗಳಿರುವ ಬಟ್ಟೆಯನ್ನು ಒಂದೇ ಏಟಿಗೆ ಬಹಳ ಕಿರಿದು ಮಾಡಿದಾಗ, ಸೀರೆಯಲ್ಲಿ ಇಲ್ಲದ ಅಲೆಅಲೆಯಾದ ಪಟ್ಟೆಗಳು ಚಿತ್ರದಲ್ಲಿ ಮೂಡುವುದುಂಟು. ಬಟ್ಟೆಯ ದೋಷವೆಂದು ನೋಡುವವರು ತಪ್ಪು ತಿಳಿಯಬಹುದಾದ ಕಾರಣ, ಇಳಿಸಿದ ಮೇಲೆ ಚಿತ್ರವನ್ನು ಒಮ್ಮೆ ನೂರು ಪ್ರತಿಶತ ಅಳತೆಯಲ್ಲಿ ತೆರೆದು ನೋಡಬೇಕು. ಪಟ್ಟೆ ಕಂಡರೆ ಅಳತೆಯನ್ನು ತುಸು ಬದಲಿಸಿ, ಉದಾಹರಣೆಗೆ 640ರ ಬದಲು 700 ಇಟ್ಟು, ಮೂಲದಿಂದಲೇ ಮತ್ತೊಮ್ಮೆ ಇಳಿಸಬೇಕು.

ವಿಂಡೋಸ್ ಕಂಪ್ಯೂಟರಿನಲ್ಲಿ

ಬೇರೆ ಯಾವ ತಂತ್ರಾಂಶವನ್ನೂ ಹಾಕಿಕೊಳ್ಳದೆ, ವಿಂಡೋಸ್ ಜೊತೆಗೇ ಬರುವ ಪೇಂಟ್‌ನಲ್ಲಿ ಈ ಕೆಲಸ ಮುಗಿಸಬಹುದು. ಮೊದಲು ಮೂಲ ಫೋಟೊದ ಒಂದು ನಕಲು ಮಾಡಿಕೊಳ್ಳಿ. ಇಳಿಸಿದ ಚಿತ್ರವನ್ನು ಮೂಲದ ಮೇಲೆಯೇ ಉಳಿಸಿಬಿಟ್ಟರೆ ಹೋದ ಪಿಕ್ಸೆಲ್‌ಗಳು ಮರಳಿ ಬರುವುದಿಲ್ಲ. ನಕಲಿನ ಮೇಲೆ ಬಲ ಕ್ಲಿಕ್ ಮಾಡಿ, ಓಪನ್ ವಿತ್ ಎಂಬಲ್ಲಿ ಪೇಂಟ್ ಆರಿಸಿ ತೆರೆಯಿರಿ. ಸೆಲೆಕ್ಟ್ ಸಾಧನದಿಂದ ಬೇಕಾದ ಭಾಗದ ಸುತ್ತ ಚೌಕ ಎಳೆದು ಕ್ರಾಪ್ ಒತ್ತಿದರೆ ಕತ್ತರಿಸುವ ಹೆಜ್ಜೆ ಮುಗಿಯಿತು. ಆಮೇಲೆ ಕಂಟ್ರೋಲ್ ಕೀಲಿಯ ಜೊತೆ ಡಬ್ಲ್ಯೂ ಒತ್ತಿ. ರೀಸೈಜ್ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಅಲ್ಲಿ ಪರ್ಸೆಂಟೇಜ್ ಬದಲು ಪಿಕ್ಸೆಲ್ಸ್ ಆರಿಸಿ, ಅಗಲ ಮತ್ತು ಎತ್ತರದ ಪ್ರಮಾಣವನ್ನು ಕಾಪಾಡುವ ಆಯ್ಕೆ ಚಾಲೂ ಇದೆಯೇ ಎಂದು ನೋಡಿಕೊಂಡು, ಹಾರಿಜಾಂಟಲ್ ಎಂಬಲ್ಲಿ 640 ಎಂದು ಬರೆಯಿರಿ. ಎತ್ತರದ ಅಂಕಿ ತಾನಾಗಿಯೇ ಬದಲಾಗಬೇಕು; ಬದಲಾಗದಿದ್ದರೆ ಪ್ರಮಾಣದ ಬೀಗ ತೆರೆದಿದೆ ಎಂದರ್ಥ, ಹಾಗೆಯೇ ಮುಂದುವರಿದರೆ ಮನುಷ್ಯರು ಹಿಗ್ಗಿದಂತೆ ಅಥವಾ ಒತ್ತಿದಂತೆ ಕಾಣುತ್ತಾರೆ. ಕೊನೆಗೆ ಸೇವ್ ಆ್ಯಸ್‌ನಲ್ಲಿ ಫೋಟೊಗಳ ಸಾಮಾನ್ಯ ಫೈಲ್ ರೂಪವಾದ ಜೆಪೆಗ್ ಆರಿಸಿ ಹೊಸ ಹೆಸರಿನಲ್ಲಿ ಉಳಿಸಿ. ಹೆಸರಿನ ಕೊನೆಗೆ 640 ಎಂದು ಸೇರಿಸಿಕೊಂಡರೆ ಯಾವುದು ಮೂಲ, ಯಾವುದು ಇಳಿಸಿದ್ದು ಎಂಬ ಗೊಂದಲ ಉಳಿಯುವುದಿಲ್ಲ.

ಪೇಂಟ್‌ನ ಕೊರತೆಯೆಂದರೆ ಜೆಪೆಗ್ ಗುಣಮಟ್ಟವನ್ನು ನಾವೇ ಗೊತ್ತುಮಾಡಲು ಅದರಲ್ಲಿ ಅವಕಾಶವಿಲ್ಲ. ಅದು ಬೇಕಾದವರು ಉಚಿತ ತಂತ್ರಾಂಶವಾದ ಗಿಂಪ್ ಬಳಸಬಹುದು: ಇಮೇಜ್ ಪಟ್ಟಿಯಲ್ಲಿ ಸ್ಕೇಲ್ ಇಮೇಜ್ ಆರಿಸಿ ಅಗಲ ಕೊಟ್ಟು, ಫೈಲ್ ಪಟ್ಟಿಯ ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಜೆಪೆಗ್ ಆಗಿ ಉಳಿಸುವಾಗ ಗುಣಮಟ್ಟದ ಪಟ್ಟಿಯನ್ನು 80ರ ಹತ್ತಿರ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದಂತೆ ಗಾತ್ರ ಚೆನ್ನಾಗಿ ತಗ್ಗುತ್ತದೆ. ಒಂದು ಫೋಟೊಗಾಗಿ ಗಿಂಪ್ ಹಾಕಿಕೊಳ್ಳುವ ಶ್ರಮ ಬೇಡವೆನ್ನುವವರಿಗೆ ಗೂಗಲ್‌ನವರ ಸ್ಕ್ವೂಶ್ ಎಂಬ ಜಾಲತಾಣವಿದೆ. ಮೊದಲಿನ ಚಿತ್ರವನ್ನೂ ಇಳಿಸಿದ ಚಿತ್ರವನ್ನೂ ಅದು ಅಕ್ಕಪಕ್ಕದಲ್ಲಿ ತೋರಿಸುತ್ತದೆ, ಮತ್ತು ಕೆಲಸವೆಲ್ಲ ನಿಮ್ಮ ಬ್ರೌಸರಿನೊಳಗೇ ನಡೆಯುವುದರಿಂದ ಫೋಟೊ ಬೇರೆಯವರ ಸರ್ವರ್‌ಗೆ ಹೋಗುವುದಿಲ್ಲ. ಫೋಟೊವನ್ನು ತಮ್ಮಲ್ಲಿಗೆ ಏರಿಸಿಕೊಂಡು ಇಳಿಸಿಕೊಡುವ ತಾಣಗಳು ಬೇಕಾದಷ್ಟಿವೆ. ಮನೆಮಂದಿಯ ಫೋಟೊ, ಆಧಾರ್ ಪ್ರತಿ ಇಂಥವನ್ನು ಅವುಗಳಿಗೆ ಕೊಡಬೇಡಿ.

ಒಂದೇ ಸಲ ಮೂವತ್ತು ನಲವತ್ತು ಫೋಟೊ ಇಳಿಸಬೇಕಾದಾಗ ಮೈಕ್ರೊಸಾಫ್ಟ್ ಉಚಿತವಾಗಿ ಕೊಡುವ ಪವರ್‌ಟಾಯ್ಸ್ ಹಾಕಿಕೊಳ್ಳುವುದು ಲಾಭದಾಯಕ. ಅದರ ಇಮೇಜ್ ರೀಸೈಜರ್ ಚಾಲೂ ಮಾಡಿದರೆ, ಎಲ್ಲ ಫೋಟೊಗಳನ್ನೂ ಒಟ್ಟಿಗೆ ಆರಿಸಿ ಬಲ ಕ್ಲಿಕ್ ಮಾಡಿದಾಗ ಅಳತೆ ಇಳಿಸುವ ಆಯ್ಕೆ ಸಿಗುತ್ತದೆ. ಅದರಲ್ಲಿ ಮೊದಲೇ ಇರುವ ಸ್ಮಾಲ್ ಅಳತೆ 854ಕ್ಕೆ 480. ಕಸ್ಟಮ್‌ನಲ್ಲಿ 640 ಎಂದು ನೀವೇ ಕೊಟ್ಟುಕೊಳ್ಳಬಹುದು. ಸಾಮಾನ್ಯವಾಗಿ ಅದು ಮೂಲವನ್ನು ಮುಟ್ಟದೆ ಪಕ್ಕದಲ್ಲಿ ಹೊಸ ಪ್ರತಿಗಳನ್ನು ಇಡುತ್ತದೆ.

ಮ್ಯಾಕ್, ಐಫೋನ್, ಆಂಡ್ರಾಯ್ಡ್

ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ಟೂಲ್ಸ್ ಪಟ್ಟಿಯ ಅಡ್ಜಸ್ಟ್ ಸೈಜ್‌ನಲ್ಲಿ ಅಗಲ ಕೊಟ್ಟರೆ ಆಯಿತು. ಆ್ಯಪಲ್‌ನ ಮೇಲ್ ತಂತ್ರಾಂಶದಲ್ಲಿಯೇ ಪತ್ರ ಬರೆಯುವವರಿಗೆ ಚಿತ್ರ ಸೇರಿಸಿದೊಡನೆ ಇಮೇಜ್ ಸೈಜ್ ಎಂಬ ಪಟ್ಟಿ ಕಾಣಿಸಿಕೊಳ್ಳುತ್ತದೆ. ಐಫೋನಿನ ಮೇಲ್ ಆ್ಯಪ್ ಕೂಡ ದೊಡ್ಡ ಫೋಟೊ ಕಳಿಸುವಾಗ ಸ್ಮಾಲ್, ಮೀಡಿಯಂ, ಲಾರ್ಜ್, ಆ್ಯಕ್ಚುವಲ್ ಸೈಜ್ ಎಂದು ಕೇಳುತ್ತದೆ; ಈ ಆಯ್ಕೆಗಳು ಜಿಮೇಲ್‌ನ ಎಳೆಯುವ ಚೌಕದಂತಲ್ಲ, ಫೈಲನ್ನೇ ನಿಜವಾಗಿ ಇಳಿಸುತ್ತವೆ. ಮೀಡಿಯಂ ಬಹುತೇಕ ಸಂದರ್ಭಕ್ಕೆ ಒಪ್ಪುತ್ತದೆ. ಐಫೋನ್ ಬಳಸುವವರು ಗಮನಿಸಬೇಕಾದದ್ದೆಂದರೆ, 2017ರ ಐಒಎಸ್ 11ರಿಂದ ಈಚೆಗೆ ಅದರ ಕ್ಯಾಮೆರಾ ಎಚ್‌ಇಐಸಿ ಎಂಬ ರೂಪದಲ್ಲಿ ಫೋಟೊ ಉಳಿಸುತ್ತದೆ, ಮತ್ತು ಹಳೆಯ ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ತೆರೆಯದೇ ಇರಬಹುದು. ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿ ಫಾರ್ಮ್ಯಾಟ್ಸ್ ತೆರೆದು ಮೋಸ್ಟ್ ಕಂಪ್ಯಾಟಿಬಲ್ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ.

ಆಂಡ್ರಾಯ್ಡ್‌ನಲ್ಲಿ ಒಂದೇ ದಾರಿ ಎಂಬುದಿಲ್ಲ. ಸ್ಯಾಮ್‌ಸಂಗ್ ಫೋನುಗಳ ಗ್ಯಾಲರಿಯಲ್ಲಿ ಫೋಟೊ ತಿದ್ದುವ ಪುಟದ ಮೂರು ಚುಕ್ಕೆಯ ಪಟ್ಟಿಯಲ್ಲಿ ರೀಸೈಜ್ ಇರುತ್ತದೆ; ಬೇರೆ ಕಂಪನಿಗಳ ಫೋನುಗಳಲ್ಲಿ ಎಷ್ಟೋ ಸಲ ಕತ್ತರಿಸುವ ಸೌಲಭ್ಯ ಮಾತ್ರ ಇರುತ್ತದೆ. ನಮ್ಮ ಕಡೆ ಬಹಳ ಜನ ಮಾಡುವ ಉಪಾಯವೆಂದರೆ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡು, ಅಲ್ಲಿ ತಾನಾಗಿ ಇಳಿದ ಪ್ರತಿಯನ್ನು ಇಮೇಲ್‌ಗೆ ಹಾಕುವುದು. ಅವಸರಕ್ಕೆ ಇದು ಕೆಟ್ಟ ಉಪಾಯವಲ್ಲ, ಎಚ್‌ಡಿ ಆಯ್ಕೆಯನ್ನಾಗಲಿ ಡಾಕ್ಯುಮೆಂಟ್ ಆಯ್ಕೆಯನ್ನಾಗಲಿ ಒತ್ತದಿದ್ದರೆ ಗಾತ್ರ ಸಾಕಷ್ಟು ಇಳಿದಿರುತ್ತದೆ. ಆದರೆ ಎಷ್ಟು ಅಳತೆ, ಎಷ್ಟು ಗುಣಮಟ್ಟ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಅದಲ್ಲದೆ, ಒಬ್ಬರಿಂದೊಬ್ಬರಿಗೆ ಹಾದು ಬಂದು ಮೊದಲೇ ಸೊರಗಿದ ಫೋಟೊವನ್ನು ಮತ್ತೆ ದೊಡ್ಡದು ಮಾಡಲು ಹೋಗಬಾರದು; ಇಲ್ಲದ ಪಿಕ್ಸೆಲ್‌ಗಳನ್ನು ಯಾವ ರೀಸೈಜ್ ಪೆಟ್ಟಿಗೆಯೂ ಮರಳಿ ತರುವುದಿಲ್ಲ.

ಪತ್ರದೊಳಗೆ ಕೂರಿಸುವುದು

ಇಳಿಸಿದ ಚಿತ್ರವನ್ನು ಲಗತ್ತಾಗಿ ಅಲ್ಲ, ಬರಹದ ನಡುವೆಯೇ ಸೇರಿಸಲು ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಚಿತ್ರ ಬರಬೇಕಾದ ಸಾಲಿನಲ್ಲಿ ಕರ್ಸರ್ ಇಟ್ಟು, ಕೆಳಗಿನ ಪಟ್ಟಿಯಲ್ಲಿ ಪೇಪರ್ ಕ್ಲಿಪ್ ಅಲ್ಲದೆ ಫೋಟೊದ ಗುರುತನ್ನು ಒತ್ತಬೇಕು. ತೆರೆಯುವ ಪೆಟ್ಟಿಗೆಯ ತಳದಲ್ಲಿ ಇನ್‌ಲೈನ್ ಎಂಬುದನ್ನು ಆರಿಸಿ ಅಪ್‌ಲೋಡ್ ಮಾಡಿದರೆ ಚಿತ್ರ ಆ ಸಾಲಿನಲ್ಲೇ ಕೂರುತ್ತದೆ. ಆ ಪೆಟ್ಟಿಗೆ ಚಿತ್ರವನ್ನು ಸ್ವೀಕರಿಸದಿದ್ದರೆ ಅಥವಾ ಹಾಕಿದ ಚಿತ್ರ ಮಾಯವಾದರೆ, ಮೂರು ಚುಕ್ಕೆಯ ಪಟ್ಟಿಯಲ್ಲಿ ಪ್ಲೇನ್ ಟೆಕ್ಸ್ಟ್ ಮೋಡ್ ಚಾಲೂ ಆಗಿದೆಯೇ ನೋಡಿ. ಬರೀ ಅಕ್ಷರಗಳ ಆ ಬಗೆಯ ಪತ್ರದಲ್ಲಿ ಚಿತ್ರಕ್ಕೆ ಜಾಗವೇ ಇರುವುದಿಲ್ಲ. ಯಾವುದೋ ಜಾಲಪುಟದಿಂದ ಚಿತ್ರವನ್ನು ನೇರವಾಗಿ ನಕಲು ಮಾಡಿ ಅಂಟಿಸುವ ಅಭ್ಯಾಸವೂ ಬೇಡ. ಹಾಗೆ ಮಾಡಿದಾಗ ಕೆಲವೊಮ್ಮೆ ಚಿತ್ರದ ಬದಲು ಅದರ ಕೊಂಡಿ ಮಾತ್ರ ಹೋಗಿ, ಪಡೆದವರಿಗೆ ಖಾಲಿ ಚೌಕ ಕಾಣುತ್ತದೆ.

ವಿಂಡೋಸ್‌ನ ಹಳೆಯ ಮಾದರಿಯ ಔಟ್‌ಲುಕ್ ಬಳಸುವ ಕಚೇರಿಗಳಲ್ಲಿ ಇನ್ಸರ್ಟ್ ಪಟ್ಟಿಯ ಪಿಕ್ಚರ್ಸ್ ಮೂಲಕ ಚಿತ್ರ ಸೇರಿಸಿ, ಅದನ್ನು ಆರಿಸಿದಾಗ ಕಾಣುವ ಪಿಕ್ಚರ್ ಫಾರ್ಮ್ಯಾಟ್‌ನಲ್ಲಿ ಕಂಪ್ರೆಸ್ ಪಿಕ್ಚರ್ಸ್ ಒತ್ತಬಹುದು. ಅಲ್ಲಿ ಇಮೇಲ್‌ಗೆಂದೇ 96 ಪಿಪಿಐ (ಒಂದು ಇಂಚಿಗೆ 96 ಪಿಕ್ಸೆಲ್) ಎಂಬ ಆಯ್ಕೆಯಿದೆ. ಅದೇ ಪೆಟ್ಟಿಗೆಯಲ್ಲಿ, ಕತ್ತರಿಸಿದ ಭಾಗಗಳನ್ನು ಅಳಿಸಿಹಾಕುವ ಡಿಲೀಟ್ ಕ್ರಾಪ್ಡ್ ಏರಿಯಾಸ್ ಗುರುತನ್ನೂ ಹಾಕುವುದನ್ನು ಮರೆಯಬಾರದು. ಔಟ್‌ಲುಕ್‌ನೊಳಗೆ ಕ್ರಾಪ್ ಮಾಡಿದಾಗ ಬೇಡವಾದ ಭಾಗ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಫೈಲಿನಲ್ಲಿ ಹಾಗೆಯೇ ಉಳಿದಿರಬಹುದು. ಪಕ್ಕದಲ್ಲಿ ನಿಂತವರ ಮುಖವನ್ನೋ ಖಾತೆ ಸಂಖ್ಯೆಯನ್ನೋ ಮರೆಮಾಡಲು ಕತ್ತರಿಸಿದವರಿಗೆ ಇದು ಸಣ್ಣ ಸಂಗತಿಯಲ್ಲ. ಇಂಥ ಚಿತ್ರಗಳನ್ನು ಪೇಂಟ್‌ನಲ್ಲಿ ಕತ್ತರಿಸಿ ತರುವುದೇ ಕ್ಷೇಮ.

ಪ್ರತಿ ಚಿತ್ರದ ಕೆಳಗೆ ಅದೇನೆಂದು ಒಂದು ಸಾಲು ಬರೆಯಿರಿ, ಆದರೆ ಆ ಬರಹವನ್ನು ಚಿತ್ರದ ಮೇಲೆಯೇ ಮೂಡಿಸಬೇಡಿ. ಅಳತೆ ಇಳಿದಾಗ ಕನ್ನಡದ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ.

ಇಳಿಸಬಾರದ ಚಿತ್ರಗಳು

ಪಹಣಿ, ಅಂಕಪಟ್ಟಿ, ರಸೀದಿ ಇವುಗಳ ಸ್ಕ್ಯಾನ್ ಪ್ರತಿಯನ್ನು 640ಕ್ಕೆ ಇಳಿಸಿದರೆ ಅಕ್ಷರಗಳು ಓದಲಾರದಷ್ಟು ಸಣ್ಣವಾಗುತ್ತವೆ. ದಾಖಲೆಗಳನ್ನು ಪಿಡಿಎಫ್ ಮಾಡಿ ಲಗತ್ತಿಸುವುದೇ ಸರಿಯಾದ ಕ್ರಮ. ಕಂಪ್ಯೂಟರ್ ಪರದೆಯ ಸ್ಕ್ರೀನ್‌ಶಾಟ್ ಕಳಿಸುವಾಗ ಬೇಕಾದ ಭಾಗವನ್ನು ಕತ್ತರಿಸಿ, ಅಳತೆ ಇಳಿಸದೆ ಪಿಎನ್‌ಜಿ ರೂಪದಲ್ಲಿ ಉಳಿಸಿ. ಜೆಪೆಗ್‌ನಲ್ಲಿ ಅಕ್ಷರಗಳ ಸುತ್ತ ಕೊಳೆ ಹತ್ತಿದಂತೆ ಕಾಣುತ್ತದೆ. ಫೋಟೊಗಳಿಗೆ ಇದು ತಿರುಗುಮುರುಗು: ಪಿಎನ್‌ಜಿ ಮಾಡಿದರೆ ಗಾತ್ರ ಸುಮ್ಮನೆ ಉಬ್ಬುತ್ತದೆ, ಆದ್ದರಿಂದ ಜೆಪೆಗ್ ಇರಲಿ. ಮದುವೆ ಮಂಟಪದ ವೇದಿಕೆಯಲ್ಲಿ ಮೂವತ್ತು ಜನ ನಿಂತ ಗುಂಪು ಫೋಟೊವೂ ಇಳಿಸಲು ತಕ್ಕದ್ದಲ್ಲ. 640ರಲ್ಲಿ ಒಂದೊಂದು ಮುಖಕ್ಕೆ ಸಿಗುವ ಪಿಕ್ಸೆಲ್ ಗುರುತು ಹಿಡಿಯಲೂ ಸಾಲುವುದಿಲ್ಲ. ಸಣ್ಣ ಪ್ರತಿಯನ್ನು ಬರಹದ ನಡುವೆ ಇಟ್ಟು, ಮೂಲವನ್ನು ಲಗತ್ತಾಗಿಯೋ ಡ್ರೈವ್ ಕೊಂಡಿಯಾಗಿಯೋ ಕೊಟ್ಟರೆ ಇಬ್ಬರಿಗೂ ಅನುಕೂಲ.

ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಂಕಿಯ ಬಗ್ಗೆ ಒಂದು ಮಾತು. ಸ್ಟುಡಿಯೊದವರು 300 ಡಿಪಿಐ ಎಂದು ಹೇಳುವುದು ಮುದ್ರಣದ ಲೆಕ್ಕ. ಪಿಕ್ಸೆಲ್‌ಗಳನ್ನು ಹಾಗೆಯೇ ಬಿಟ್ಟು ಆ ಅಂಕಿಯನ್ನಷ್ಟೇ 72ಕ್ಕೆ ಬದಲಿಸಿದರೆ ಫೈಲಿನ ಗಾತ್ರ ಒಂದಿಷ್ಟೂ ತಗ್ಗುವುದಿಲ್ಲ.

ಕಳಿಸುವ ಮುನ್ನ

ಫೋನಿನಲ್ಲಿ ತೆಗೆದ ಫೋಟೊದೊಳಗೆ ದಿನಾಂಕ, ಕ್ಯಾಮೆರಾದ ವಿವರ ಮತ್ತು ಸ್ಥಳದ ಗುರುತು ಅಡಗಿರಬಹುದು. ಮನೆಯಲ್ಲಿ ಅಥವಾ ತೋಟದಲ್ಲಿ ತೆಗೆದ ಫೋಟೊವನ್ನು ಅಪರಿಚಿತರಿಗೆ ಕಳಿಸುವಾಗ, ವಿಂಡೋಸ್‌ನಲ್ಲಿ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟಕ್ಕೆ ಹೋಗಿ, ತಳದಲ್ಲಿರುವ ರಿಮೂವ್ ಪ್ರಾಪರ್ಟೀಸ್ ಕೊಂಡಿಯ ಮೂಲಕ ಇವನ್ನು ತೆಗೆದುಹಾಕಬಹುದು. ಫೋಟೊ ಯಾವ ಕಡೆ ನೆಟ್ಟಗೆ ಎಂಬ ಸೂಚನೆಯೂ ಇದೇ ವಿವರಗಳ ಗುಂಪಿನಲ್ಲಿರುತ್ತದೆ, ಕೆಲವು ಇಮೇಲ್ ತಂತ್ರಾಂಶಗಳು ಅದನ್ನು ಓದುವುದಿಲ್ಲ. ನಿಮ್ಮಲ್ಲಿ ನೆಟ್ಟಗೆ ಕಂಡ ಫೋಟೊ ಅವರಲ್ಲಿ ಅಡ್ಡಬೀಳುವುದು ಇದರಿಂದ. ವಿವರಗಳನ್ನು ತೆಗೆದ ಮೇಲೆ ಚಿತ್ರ ಅಡ್ಡ ಕಂಡರೆ ಪೇಂಟ್‌ನಲ್ಲಿ ತಿರುಗಿಸಿ ಮತ್ತೆ ಉಳಿಸಿ.

ಪತ್ರ ಸಿದ್ಧವಾದ ಮೇಲೆ ಮೊದಲು ನಿಮ್ಮದೇ ವಿಳಾಸಕ್ಕೆ ಕಳಿಸಿ, ಒಮ್ಮೆ ಕಂಪ್ಯೂಟರಿನಲ್ಲಿಯೂ ಒಮ್ಮೆ ಫೋನಿನಲ್ಲಿಯೂ ತೆರೆದು ನೋಡಿ. ಪುಟವನ್ನು ಅಡ್ಡಕ್ಕೆ ಸರಿಸದೆ ಇಡೀ ಚಿತ್ರ ಕಾಣಬೇಕು, ಅದರ ಕೆಳಗಿನ ಸಾಲು ಚಿತ್ರದ ಹತ್ತಿರವೇ ಇರಬೇಕು, ಮುಖ್ಯವಾದ ಭಾಗ ಹಿಗ್ಗಿಸದೆಯೂ ತಿಳಿಯಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ ಇಳಿಸಿದ ಪ್ರತಿಯನ್ನು ತಿದ್ದಲು ಹೋಗದೆ ಮೂಲ ಫೋಟೊದಿಂದಲೇ ಮತ್ತೆ ಆರಂಭಿಸಿ, ಏಕೆಂದರೆ ಜೆಪೆಗ್ ಚಿತ್ರವನ್ನು ತಿದ್ದಿ ಮರಳಿ ಉಳಿಸಿದ ಪ್ರತಿ ಸಲವೂ ಅದರ ಗುಣಮಟ್ಟ ಇನ್ನಷ್ಟು ಕುಂದುತ್ತದೆ.